ಟೈಟೇನಿಯಮೋ, ಪೀಕೋ? ಸೊಂಟದ ಬೆಸುಗೆಯ ಹೋಲಿಕೆ ಪಟ್ಟಿಯೊಂದರ ವಿಮರ್ಶೆ

ಸೊಂಟದ ಭಾಗದ ಬೆನ್ನೆಲುಬಿನಲ್ಲಿ ಎರಡು ಮಣಿಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆಗೆ ಸಿದ್ಧರಾದವರ ಕೈಗೆ ಇತ್ತೀಚೆಗೆ ಒಂದು ಹೋಲಿಕೆ ಪಟ್ಟಿ ಬರುವುದುಂಟು. ಒಂದೇ ಪುಟ, ನುಣುಪಾದ ಕಾಗದ. ಎಡಗಡೆಗೆ ವಸ್ತುಗಳ ಹೆಸರು: ಟೈಟೇನಿಯಂ, ಪೀಕ್, ಟೈಟೇನಿಯಂ ಲೇಪದ ಪೀಕ್, ರಂಧ್ರಮಯ ಟೈಟೇನಿಯಂ. ಬಲಗಡೆಗೆ ಮೂರು ಕಲಮುಗಳು: ಸ್ಥಿತಿಸ್ಥಾಪಕತೆಯ ಗುಣಾಂಕ, ಬೆಸುಗೆಯ ಯಶಸ್ಸು ಶೇಕಡಾ ಎಷ್ಟು, ಬೆಲೆ ಎಷ್ಟು. ಯಾವ ಕಂಪನಿಯದು ಎಂಬುದು ಇಲ್ಲಿ ಮುಖ್ಯವಲ್ಲ, ಇಂಥ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ವೈದ್ಯಕೀಯದ ಬಗ್ಗೆ ತೀರ್ಪು ಕೊಡುವುದು ಭೌತಶಾಸ್ತ್ರದ ಮೇಷ್ಟ್ರ ಕೆಲಸವಲ್ಲ, ನಿಜ. ಆದರೆ ಪಟ್ಟಿಯ ಮೊದಲ ಕಲಮು ಪಿಯುಸಿ ಭೌತಶಾಸ್ತ್ರದ್ದು, ಎರಡನೆಯದು ಅಳತೆಯ ಶಾಸ್ತ್ರಕ್ಕೆ ಸೇರಿದ್ದು. ಇವೆರಡನ್ನು ಪರಿಶೀಲಿಸುವ ಹಕ್ಕು ನನಗೂ ಇದೆ, ನಿಮಗೂ ಇದೆ.

ಪಟ್ಟಿಯನ್ನು ನಾನು ನೋಡಿದ್ದು ಒಬ್ಬ ಹಳೆಯ ವಿದ್ಯಾರ್ಥಿಯ ಕೈಯಲ್ಲಿ. ಅವನದು ಧಾರವಾಡದ ಹತ್ತಿರದ ಹೆಬ್ಬಳ್ಳಿಯ ಕಡೆಯ ಒಕ್ಕಲುತನದ ಮನೆ. ತಂದೆಗೆ ನಾಲ್ಕನೆಯ ಮತ್ತು ಐದನೆಯ ಸೊಂಟದ ಮಣಿಗಳ ನಡುವೆ ಬೆಸುಗೆ ಆಗಬೇಕೆಂದು ಹೇಳಿದ್ದರು. "ಸರ್, ರೊಕ್ಕ ಹ್ಯಾಂಗರ ಹೊಂದಸ್ತೀವ್ರಿ. ಇದರಾಗ ಯಾವ್ದು ಛಲೋ, ಅಷ್ಟ ಹೇಳ್ರಿ" ಎಂದ. ರೊಕ್ಕ ಹೊಂದಿಸುವುದೆಂದರೆ ಕಪ್ಪುಮಣ್ಣಿನ ಎರಡು ಎಕರೆಯನ್ನು ಒತ್ತೆ ಇಡುವುದು ಎಂಬುದು ಆಮೇಲೆ ತಿಳಿಯಿತು. ಪಟ್ಟಿಯಲ್ಲಿ ಪೀಕ್‌ನ ಸಾಲಿಗೆ ಹಸಿರು ಬಣ್ಣ ಬಳಿದು, "ಮೂಳೆಗೆ ಅತಿ ಹತ್ತಿರ" ಎಂದು ಅಚ್ಚು ಹಾಕಿದ್ದರು. ಈ ಮೂರು ಶಬ್ದಗಳೇ ಈ ವಿಮರ್ಶೆಯ ವಸ್ತು.

ಬೆಸುಗೆ ಎಂದರೇನು?

ಬೆನ್ನೆಲುಬಿನ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್ ಸವೆದು, ಅಥವಾ ಒಂದು ಮಣಿ ಇನ್ನೊಂದರ ಮೇಲಿಂದ ಮುಂದಕ್ಕೆ ಜಾರಿ ನೋವು ಬಂದಾಗ, ಆ ಎರಡು ಮಣಿಗಳ ನಡುವಿನ ಚಲನೆಯನ್ನೇ ನಿಲ್ಲಿಸಿಬಿಡುವ ಉಪಾಯ ಇದು. ಡಿಸ್ಕನ್ನು ತೆಗೆದು ಅಲ್ಲಿ ಮೂಳೆಯ ಚೂರುಗಳನ್ನು ತುಂಬಿದರೆ, ಕೆಲವು ತಿಂಗಳುಗಳಲ್ಲಿ ಮೇಲಿನ ಮಣಿಯಿಂದ ಕೆಳಗಿನ ಮಣಿಗೆ ಮೂಳೆಯ ಸೇತುವೆ ಬೆಳೆಯಬೇಕು. ಅಲ್ಲಿಯವರೆಗೆ ಜಾಗವನ್ನು ಎತ್ತಿಹಿಡಿಯಲು ಮಣಿಗಳ ನಡುವೆ ಇಡುವ ಟೊಳ್ಳು ಚೌಕಟ್ಟಿಗೆ ಕೇಜ್ ಅಂದರೆ ಪಂಜರ ಎಂದು ಹೆಸರು. ಬೆನ್ನಿನ ಕಡೆಯಿಂದ ಮಣಿಗಳಿಗೆ ತಿರುಪುಮೊಳೆ ಹಾಕಿ, ಸರಳಿನಿಂದ ಬಂಧಿಸುವುದೂ ಉಂಟು. ನೆನಪಿಡಿ, ಬೆಸೆಯುವುದು ಮೂಳೆ. ಲೋಹವಾಗಲಿ ಪ್ಲಾಸ್ಟಿಕ್ ಆಗಲಿ ಬರಿಯ ಆಸರೆ. ಮನೆಯ ಸ್ಲ್ಯಾಬು ಗಟ್ಟಿಯಾಗುವ ತನಕ ಕೆಳಗೆ ನಿಲ್ಲಿಸುವ ಕಂಬಗಳಂತೆ, ಆದರೆ ಈ ಕಂಬಗಳನ್ನು ಆಮೇಲೆ ಬಿಚ್ಚುವುದಿಲ್ಲ ಅಷ್ಟೆ.

1911ರಲ್ಲಿ ನ್ಯೂಯಾರ್ಕ್‌ನಲ್ಲಿ ರಸೆಲ್ ಹಿಬ್ಸ್ ಮತ್ತು ಫ್ರೆಡ್ ಆಲ್ಬಿ ಎಂಬ ಇಬ್ಬರು ಶಸ್ತ್ರವೈದ್ಯರು ಬೆನ್ನೆಲುಬಿನ ಬೆಸುಗೆಯ ವಿಧಾನಗಳನ್ನು ಪ್ರಕಟಿಸಿದಾಗ ಅದರಲ್ಲಿ ಲೋಹದ ಮಾತೇ ಇರಲಿಲ್ಲ. ಫ್ರಾನ್ಸಿನ ರೇಮಂಡ್ ರಾಯ್-ಕಮೀಲ್ 1960ರ ದಶಕದಲ್ಲಿ ಮಣಿಯ ಹಿಂಬದಿಯ ತೊಟ್ಟಿನ ಮೂಲಕ ತಿರುಪು ಕೂಡಿಸುವ ಕ್ರಮವನ್ನು ಬೆಳೆಸಿದ. ಇನ್ನು ಪಂಜರದ ಕತೆ ಕುದುರೆಯಿಂದ ಶುರುವಾಗುತ್ತದೆ! ಕುತ್ತಿಗೆಯ ಮಣಿಗಳಲ್ಲಿ ನರಬಳ್ಳಿ ಒತ್ತಿ ತೂರಾಡುವ ಕುದುರೆಗಳಿಗೆ ಅಮೆರಿಕದ ಜಾರ್ಜ್ ಬ್ಯಾಗ್ಬಿ ಎಂಬ ಮೂಳೆತಜ್ಞ ತೂತುಗಳುಳ್ಳ ಸ್ಟೇನ್‌ಲೆಸ್ ಉಕ್ಕಿನ ಬುಟ್ಟಿಯೊಂದನ್ನು ರೂಪಿಸಿದ. ಅದರಿಂದ ಬೆಳೆದುಬಂದ ಟೈಟೇನಿಯಂ ಪಂಜರಕ್ಕೆ ಮನುಷ್ಯರಲ್ಲಿ ಬಳಸಲು ಅಮೆರಿಕದಲ್ಲಿ ಪರವಾನಗಿ ಸಿಕ್ಕಿದ್ದು 1996ರಲ್ಲಿ. ಪಾಲಿ ಈಥರ್ ಈಥರ್ ಕೀಟೋನ್, ಅಂದರೆ ಪೀಕ್ ಎಂಬ ಪ್ಲಾಸ್ಟಿಕ್ ಬೆನ್ನೆಲುಬಿಗೆ ಬಂದಿದ್ದೂ ಅದೇ ದಶಕದಲ್ಲಿ.

ಎಷ್ಟು ಹೊರೆ?

ಆಸರೆಯ ಬಗ್ಗೆ ಮಾತಾಡುವ ಮೊದಲು ಹೊರೆ ಗೊತ್ತಿರಬೇಕು. ಜರ್ಮನಿಯ ಉಲ್ಮ್‌ನ ಹನ್ಸ್-ಯೋಆಕಿಮ್ ವಿಲ್ಕೆ ಮತ್ತು ಸಂಗಡಿಗರು 70 ಕಿಲೋಗ್ರಾಂ ತೂಕದ ಒಬ್ಬ ಸ್ವಯಂಸೇವಕನ ಸೊಂಟದ ಡಿಸ್ಕಿನೊಳಗೆ ಒತ್ತಡಮಾಪಕ ಕೂಡಿಸಿ ಪಡೆದ ಅಳತೆಗಳನ್ನು 1999ರಲ್ಲಿ ಪ್ರಕಟಿಸಿದರು. ಬೋರಲಾಗಿ ಮಲಗಿದಾಗ 0.1 ಮೆಗಾಪ್ಯಾಸ್ಕಲ್, ಸುಮ್ಮನೆ ನಿಂತಾಗ 0.5, ಬೆನ್ನು ಬಾಗಿಸಿ 20 ಕಿಲೋಗ್ರಾಂ ಎತ್ತಿದಾಗ 2.3, ಅದೇ ಭಾರವನ್ನು ಮೊಣಕಾಲು ಮಡಚಿ ಎತ್ತಿದಾಗ 1.7. ಈ ಭಾಗದ ಡಿಸ್ಕಿನ ಅಡ್ಡಕೊಯ್ತ ಸುಮಾರು 18 ಚದರ ಸೆಂಟಿಮೀಟರ್ ಎಂದುಕೊಂಡು ಗುಣಿಸಿ ನೋಡಿ. ಒತ್ತಡ ಡಿಸ್ಕಿನ ಉದ್ದಗಲಕ್ಕೂ ಸಮನಾಗಿರದು, ಹಾಗಾಗಿ ಸ್ವಲ್ಪ ತಗ್ಗಿಸಿಕೊಂಡರೂ ಬಾಗಿ ಎತ್ತಿದವನ ಸೊಂಟದ ಮೇಲೆ ಮೂರು ಸಾವಿರ ನ್ಯೂಟನ್ ಆಸುಪಾಸಿನ ಬಲ ಬೀಳುತ್ತದೆ. ಎತ್ತಿದ ವಸ್ತುವಿನ ತೂಕವೋ ಬರೀ 200 ನ್ಯೂಟನ್!

ಉಳಿದದ್ದು ಎಲ್ಲಿಂದ ಬಂತು? ಮೈಯ ಮೇಲ್ಭಾಗದ ತೂಕ ಒಂದು ಪಾಲು, ಸನ್ನೆಗೋಲಿನ ನಿಯಮ ದೊಡ್ಡ ಪಾಲು. ಬೆನ್ನಿನ ಸ್ನಾಯುಗಳು ಮಣಿಯ ನಡುವಿನಿಂದ ಬರೀ 5 ಸೆಂಟಿಮೀಟರ್ ಹಿಂದೆ ಇವೆ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿಯಲ್ಲಿ ಹಮಾಲನೊಬ್ಬ 50 ಕಿಲೋಗ್ರಾಂ ಚೀಲವನ್ನು ನೆಲದಿಂದ ಬಾಗಿ ಎತ್ತಿದ, ಚೀಲ ಸೊಂಟದಿಂದ 40 ಸೆಂಟಿಮೀಟರ್ ಮುಂದಿದೆ ಎನ್ನೋಣ. 500 ನ್ಯೂಟನ್‌ಗೆ ಎದುರಾಗಿ ಸ್ನಾಯುಗಳು 40ನ್ನು 5ರಿಂದ ಭಾಗಿಸಿದಷ್ಟು ಪಟ್ಟು, ಅಂದರೆ 4000 ನ್ಯೂಟನ್ ಬಲದಿಂದ ಎಳೆಯಬೇಕು. ಆ ಎಳೆತವೆಲ್ಲ ಮಣಿಗಳ ಮೇಲೆ ಅದುಮುವ ಬಲವೇ. ನುರಿತ ಹಮಾಲರು ಹೀಗೆ ಎತ್ತುವುದಿಲ್ಲ. ಇಬ್ಬರು ಚೀಲ ಹಿಡಿದು ಮೂರನೆಯವನ ಬೆನ್ನ ಮೇಲ್ಭಾಗಕ್ಕೆ ಹೊರಿಸುತ್ತಾರೆ, ಹೊರೆ ಬೆನ್ನೆಲುಬಿನ ನೇರಕ್ಕೆ ಬಂದು ಸನ್ನೆಯ ತೋಳು ಕಿರಿದಾಗುತ್ತದೆ. ಭೌತಶಾಸ್ತ್ರದ ಪುಸ್ತಕ ಓದದೆಯೇ ಕಂಡುಕೊಂಡ ಜಾಣ್ಮೆ ಇದು.

ಮೊದಲ ಕಲಮು

ಈಗ ಪಟ್ಟಿಗೆ ಬರೋಣ. ಟೈಟೇನಿಯಂ ಮಿಶ್ರಲೋಹದ ಯಂಗ್ ಗುಣಾಂಕ 110 ಗಿಗಾಪ್ಯಾಸ್ಕಲ್, ಪೀಕ್‌ನದು 3.6, ಮೂಳೆಯದು 15 ಎಂದು ಅಚ್ಚಾಗಿದೆ. ಅಂಕಿಗಳು ಸರಿಯಾಗಿಯೇ ಇವೆ. ವಾದ ಹೀಗೆ ಸಾಗುತ್ತದೆ: ಟೈಟೇನಿಯಂ ಮೂಳೆಗಿಂತ ಏಳು ಪಟ್ಟು ಪೆಡಸು, ಹೊರೆಯನ್ನೆಲ್ಲ ತಾನೇ ಹೊತ್ತುಬಿಡುತ್ತದೆ. ಹೊರೆ ಇಲ್ಲದ ಮೂಳೆ ಕರಗುತ್ತದೆ, ಅದು ಜರ್ಮನಿಯ ಯೂಲಿಯುಸ್ ವೋಲ್ಫ್ 1892ರಲ್ಲಿ ಹೇಳಿದ ನಿಯಮ. ಆದ್ದರಿಂದ ಮೃದುವಾದ ಪೀಕ್ ಮೇಲು.

ನೋಡಲು ಸುಸಂಬದ್ಧವಾಗಿದೆ. ಆದರೆ 15 ಗಿಗಾಪ್ಯಾಸ್ಕಲ್ ಯಾವ ಮೂಳೆಯದು? ತೊಡೆಯ ಮೂಳೆಯ ನಳಿಗೆಯಲ್ಲಿರುವಂಥ ಗಟ್ಟಿ ಹೊರಪದರದ್ದು. ಪಂಜರ ಕೂರುವುದು ಅಂಥ ಮೂಳೆಯ ಮೇಲಲ್ಲ. ಮಣಿಯ ತುದಿಯಲ್ಲಿ ಮಿಲಿಮೀಟರಿಗಿಂತ ದಪ್ಪವಿಲ್ಲದ ಒಂದು ತಟ್ಟೆ, ಅದರಾಚೆಗೆಲ್ಲ ಜೇನುಹುಟ್ಟಿನಂಥ ಸ್ಪಂಜುಮೂಳೆ. ಅದರ ಗುಣಾಂಕ 0.1ರಿಂದ 0.5 ಗಿಗಾಪ್ಯಾಸ್ಕಲ್. 0.3 ಎಂದು ಹಿಡಿದರೆ ಪೀಕ್ ಅದಕ್ಕಿಂತ 12 ಪಟ್ಟು ಪೆಡಸು, ಟೈಟೇನಿಯಂ 360 ಪಟ್ಟಿಗೂ ಮಿಕ್ಕಿ ಪೆಡಸು. "ಮೂಳೆಗೆ ಅತಿ ಹತ್ತಿರ" ಎಂದವರು ಬೇರೆ ಮೂಳೆಯ ಪಕ್ಕದಲ್ಲಿಟ್ಟು ಅಳೆದಿದ್ದಾರೆ.

ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಗುಣಾಂಕ ವಸ್ತುವಿನ ಗುಣ, ಹೊರೆಗೆ ಉತ್ತರ ಕೊಡುವುದೋ ರಚನೆ. ಒಂದು ಕಂಬದ ಪೆಡಸುತನ ಬೇಕಾದರೆ ಗುಣಾಂಕವನ್ನು ಅಡ್ಡಕೊಯ್ತದ ವಿಸ್ತೀರ್ಣದಿಂದ ಗುಣಿಸಿ ಎತ್ತರದಿಂದ ಭಾಗಿಸಬೇಕು. ಮಾಡಿಯೇ ನೋಡೋಣ. ಪಂಜರದ ಎತ್ತರ 10 ಮಿಲಿಮೀಟರ್, ಅದರ ಗೋಡೆಗಳ ವಿಸ್ತೀರ್ಣ 200 ಚದರ ಮಿಲಿಮೀಟರ್, ನಡುವೆ ಮೂಳೆಚೂರು ತುಂಬುವ ಕಿಟಕಿ 100 ಚದರ ಮಿಲಿಮೀಟರ್ ಎಂದಿರಲಿ. ಆಗ ಟೈಟೇನಿಯಂ ಪಂಜರದ ಪೆಡಸುತನ ಮಿಲಿಮೀಟರಿಗೆ 22 ಲಕ್ಷ ನ್ಯೂಟನ್, ಪೀಕ್ ಪಂಜರದ್ದು 72 ಸಾವಿರ. ಮೂವತ್ತು ಪಟ್ಟು ವ್ಯತ್ಯಾಸ, ಪಟ್ಟಿಯ ಮಾತು ನಿಜವೆನಿಸುತ್ತದೆ. ಆದರೆ ಪಂಜರ ಒಂಟಿಯಾಗಿ ನಿಂತಿಲ್ಲವಲ್ಲ. ಮೇಲೆ 15 ಮಿಲಿಮೀಟರ್, ಕೆಳಗೆ 15 ಮಿಲಿಮೀಟರ್ ಸ್ಪಂಜುಮೂಳೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ, ವಿಸ್ತೀರ್ಣ 300 ಚದರ ಮಿಲಿಮೀಟರ್. ಆ ಮೂಳೆಯ ಪೆಡಸುತನ ಮಿಲಿಮೀಟರಿಗೆ 3000 ನ್ಯೂಟನ್ ಮಾತ್ರ.

ಒಂದರ ಮೇಲೊಂದು ಇಟ್ಟ ಸ್ಪ್ರಿಂಗುಗಳಲ್ಲಿ ಒಟ್ಟು ಕುಗ್ಗುವಿಕೆಯನ್ನು ತೀರ್ಮಾನಿಸುವುದು ಅತ್ಯಂತ ಮೃದುವಾದ ಸ್ಪ್ರಿಂಗು. ವಿಲೋಮಗಳನ್ನು ಕೂಡಿಸಿ ನೋಡಿದರೆ, ಟೈಟೇನಿಯಂ ಇದ್ದಾಗ ಇಡೀ ಜೋಡಣೆಯ ಪೆಡಸುತನ 2996, ಪೀಕ್ ಇದ್ದಾಗ 2880. ಮೂವತ್ತು ಪಟ್ಟಿನ ವ್ಯತ್ಯಾಸ ನೂರಕ್ಕೆ ನಾಲ್ಕಕ್ಕೆ ಇಳಿಯಿತು! ನನ್ನ ಲೆಕ್ಕ ತೀರ ಸರಳ, ಮೂಳೆಯನ್ನು ಕಂಬವೆಂದು ಭಾವಿಸಿದ್ದೇನೆ, ತಿರುಪು ಮತ್ತು ಸರಳುಗಳನ್ನು ಬಿಟ್ಟಿದ್ದೇನೆ. ಗಣಕದಲ್ಲಿ ಸೂಕ್ಷ್ಮವಾಗಿ ಮಾಡಿದರೆ ಅಂಕಿಗಳು ಬದಲಾಗುತ್ತವೆ. ಮೃದುವಾದ ಭಾಗವೇ ಒಟ್ಟು ಕುಗ್ಗುವಿಕೆಯ ಒಡೆಯ ಎಂಬುದು ಬದಲಾಗದು.

ಶಿಕ್ಷಕರು ಇದನ್ನು ತರಗತಿಯಲ್ಲಿ ತೋರಿಸಬಹುದು. ಒಂದೇ ಬಗೆಯ ಎರಡು ದಪ್ಪ ಸ್ಪಂಜು ತುಂಡುಗಳ ನಡುವೆ ಒಂದು ರಬ್ಬರ್ ಎರೇಸರ್ ಇಟ್ಟು, ಮೇಲೆ ಹಲಗೆ, ಅದರ ಮೇಲೆ ಒಂದು ಕಿಲೋಗ್ರಾಂ ಬಟ್ಟು ಇಡಿ. ಎತ್ತರವನ್ನು ಸ್ಕೇಲಿನಿಂದ ಅಳೆಯಿರಿ. ಎರೇಸರಿನ ಜಾಗದಲ್ಲಿ ಅದೇ ಅಳತೆಯ ಹಿತ್ತಾಳೆಯ ತುಂಡು ಇಟ್ಟು ಮತ್ತೆ ಅಳೆಯಿರಿ. ಸ್ಕೇಲಿಗೆ ವ್ಯತ್ಯಾಸ ಕಾಣುವುದು ಕಷ್ಟ. ಈಗ ಹಿತ್ತಾಳೆಯ ತುಂಡಿನ ಬದಲು ಅದರ ಅರ್ಧ ಅಗಲದ್ದನ್ನು ಇಡಿ. ಎಷ್ಟು ಆಳಕ್ಕೆ ಹೂತುಕೊಂಡಿತು ನೋಡಿ.

ಹಾಗಾದರೆ ಪೀಕ್ ಪರವಾದ ವಾದದಲ್ಲಿ ಹುರುಳೇ ಇಲ್ಲವೆ? ಸ್ವಲ್ಪ ಇದೆ. ಕಿಟಕಿಯೊಳಗಿನ ಮೂಳೆಚೂರು ಪಂಜರದ ಗೋಡೆಗೆ ಸಮಾಂತರ ಸ್ಪ್ರಿಂಗು. ಎರಡೂ ಸಮನಾಗಿ ಕುಗ್ಗಿದರೆ ಹೊರೆ ಪೆಡಸುತನದ ಅನುಪಾತದಲ್ಲಿ ಹಂಚಿಹೋಗುತ್ತದೆ. ಎಳೆಯ ಮೂಳೆಚೂರಿನ ಗುಣಾಂಕ 0.1 ಎಂದು ಹಿಡಿದರೆ ಪೀಕ್ ಪಂಜರದಲ್ಲಿ ಅದರ ಪಾಲಿಗೆ ಹೊರೆಯ ನೂರಕ್ಕೆ 1.4ರಷ್ಟು ಬರುತ್ತದೆ, ಟೈಟೇನಿಯಮ್ಮಿನಲ್ಲಿ 0.05ಕ್ಕಿಂತ ಕಡಿಮೆ. ಅನುಪಾತ ನೋಡಿದರೆ ಪೀಕ್ ಬಹಳ ಮುಂದೆ, ಆದರೆ ನೂರರಲ್ಲಿ ಒಂದೂವರೆ ಪಾಲು ಮೂಳೆಯನ್ನು ಬೆಳೆಸಲು ಸಾಕೆ ಎಂಬುದೇ ಪ್ರಶ್ನೆ. ಪಟ್ಟಿ ಅದನ್ನು ಕೇಳುವುದಿಲ್ಲ.

ರಂಧ್ರಮಯ ಟೈಟೇನಿಯಂ ಬಂದ ಮೇಲಂತೂ ಈ ಕಲಮಿಗೆ ಅರ್ಥವೇ ಉಳಿದಿಲ್ಲ. ಲೋಹದ ಪುಡಿಯನ್ನು ಪದರ ಪದರವಾಗಿ ಕರಗಿಸಿ ಜಾಲರಿಯಂತೆ ಅಚ್ಚುಹಾಕುವ ತಂತ್ರದಿಂದ ಟೊಳ್ಳು ರಚನೆಗಳನ್ನು ಮಾಡಬಹುದು. ಲೋರ್ನಾ ಗಿಬ್ಸನ್ ಮತ್ತು ಮೈಕೇಲ್ ಆಶ್ಬಿ ತೋರಿಸಿದಂತೆ, ಇಂಥ ತೆರೆದ ಜಾಲರಿಯ ಗುಣಾಂಕ ಅದರ ಸಾಪೇಕ್ಷ ಸಾಂದ್ರತೆಯ ವರ್ಗಕ್ಕೆ ಅನುಗುಣವಾಗಿರುತ್ತದೆ. ಐದರಲ್ಲಿ ಒಂದು ಪಾಲು ಲೋಹ, ನಾಲ್ಕು ಪಾಲು ಬಯಲು ಇದ್ದರೆ ಗುಣಾಂಕ ಇಪ್ಪತ್ತೈದರಲ್ಲಿ ಒಂದು ಪಾಲು, ಅಂದರೆ 4.4 ಗಿಗಾಪ್ಯಾಸ್ಕಲ್. ಅದೇ ಟೈಟೇನಿಯಂ ಪೀಕ್‌ನ ನೆರೆಮನೆಗೆ ಬಂದು ಕೂತಿತು! ಸರಳುಗಳದ್ದೂ ಇದೇ ಕತೆ. ದುಂಡು ಸರಳು ಬಾಗದಂತೆ ತಡೆಯುವ ಶಕ್ತಿ ವ್ಯಾಸದ ನಾಲ್ಕನೆಯ ಘಾತಕ್ಕೆ ಏರುತ್ತದೆ. 5.5 ಮಿಲಿಮೀಟರ್ ಸರಳಿನ ಬದಲು 6 ಮಿಲಿಮೀಟರಿನದು ಹಾಕಿದರೆ ವಸ್ತು ಬದಲಾಗದೆಯೇ ಪೆಡಸುತನ ನೂರಕ್ಕೆ 40ರ ಮೇಲೆ ಹೆಚ್ಚುತ್ತದೆ. ಪಟ್ಟಿಯಲ್ಲಿ ಸರಳಿನ ವ್ಯಾಸಕ್ಕೆ ಕಲಮೇ ಇಲ್ಲ.

ಹೂತುಹೋಗುವ ಪಂಜರ

ಶಸ್ತ್ರಚಿಕಿತ್ಸೆಯ ನಂತರ ಪಂಜರ ನಿಧಾನವಾಗಿ ಮಣಿಯೊಳಗೆ ಹೂತುಕೊಂಡು, ಎತ್ತಿಹಿಡಿದ ಜಾಗ ಮತ್ತೆ ಕುಸಿಯುವುದು ನಿಜವಾದ ತೊಂದರೆ. ಟೈಟೇನಿಯಂ ಪಂಜರಗಳು ಇದಕ್ಕೆ ಹೆಸರು ಕೆಡಿಸಿಕೊಂಡಿವೆ. ಕಾರಣ ಹುಡುಕಬೇಕಾದ್ದು ಪೀಡನದಲ್ಲಿ, ಅಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಸಿಗುವ ಅಂಕಿಯಲ್ಲಿ. ಪಂಜರದ ಮೇಲೆ 1000 ನ್ಯೂಟನ್ ಬಿದ್ದು, ಅದು 200 ಚದರ ಮಿಲಿಮೀಟರ್ ಮೇಲೆ ಕೂತಿದ್ದರೆ ಪೀಡನ 5 ಮೆಗಾಪ್ಯಾಸ್ಕಲ್. ಸ್ಪಂಜುಮೂಳೆ ತಾಳಿಕೊಳ್ಳುವುದು ಕೆಲವೇ ಮೆಗಾಪ್ಯಾಸ್ಕಲ್, ಮೂಳೆಸವೆತ ಇದ್ದವರಲ್ಲಿ ಇನ್ನೂ ಕಡಿಮೆ. ಅದೇ ಬಲ 500 ಚದರ ಮಿಲಿಮೀಟರ್ ಮೇಲೆ ಹರಡಿದರೆ ಪೀಡನ 2ಕ್ಕೆ ಇಳಿಯುತ್ತದೆ. ಉಳುಮೆಯ ಹೊಲದಲ್ಲಿ ಟ್ರ್ಯಾಕ್ಟರಿನ ಹಿಂದಿನ ಗಾಲಿ ಅಗಲವಾಗಿರುವುದು ಏಕೆಂದು ಹೆಬ್ಬಳ್ಳಿಯ ಹುಡುಗರಿಗೆ ಹೇಳಿಕೊಡಬೇಕಿಲ್ಲ.

ಬೆನ್ನಿನ ಕಡೆಯಿಂದ ನರಗಳ ಪಕ್ಕದಲ್ಲಿ ತೂರಿಸುವ ಪಂಜರ ಕಿರಿದಾಗಿರಲೇಬೇಕು. ಹೊಟ್ಟೆಯ ಕಡೆಯಿಂದ ಅಥವಾ ಪಕ್ಕೆಯಿಂದ ಹೋದರೆ ಅಗಲವಾದದ್ದನ್ನು ಕೂಡಿಸಬಹುದು, ಆದರೆ ಆ ದಾರಿಗಳಲ್ಲಿ ದೊಡ್ಡ ರಕ್ತನಾಳಗಳ, ನರಗಳ ಅಪಾಯವಿದೆ. ಇನ್ನೊಂದು ಸಂಗತಿ: ಮಣಿಯ ತಟ್ಟೆ ಎಲ್ಲೆಡೆ ಒಂದೇ ಸಮ ಗಟ್ಟಿಯಿಲ್ಲ. ಕೆನಡಾದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಣ್ಣ ಕಡ್ಡಿಯಿಂದ ಚುಕ್ಕೆ ಚುಕ್ಕೆಯಾಗಿ ಒತ್ತಿ ನೋಡಿದಾಗ ಹಿಂಬದಿಯ ಎರಡು ಮೂಲೆಗಳು ಅತಿ ಗಟ್ಟಿ, ನಟ್ಟನಡುವೆ ದುರ್ಬಲ ಎಂದು ಕಂಡಿತು. ಪಂಜರ ಯಾವುದರದು ಎಂಬುದರ ಜೊತೆಗೆ ಅದು ಎಲ್ಲಿ ಕೂತಿದೆ, ಎಷ್ಟು ಅಗಲ, ಕೂಡಿಸುವಾಗ ತಟ್ಟೆಯನ್ನು ಎಷ್ಟು ಕೆರೆದರು, ರೋಗಿಯ ಮೂಳೆಯ ಸಾಂದ್ರತೆ ಎಷ್ಟು ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ.

ಮೇಲ್ಮೈಯ ವಿಷಯದಲ್ಲಿ ಟೈಟೇನಿಯಮ್ಮಿನ ಹಿರಿಮೆಯನ್ನು ಒಪ್ಪಲೇಬೇಕು. ಗಾಳಿ ಸೋಕಿದ ಕೂಡಲೇ ಅದರ ಮೇಲೆ ಕಟ್ಟುವ ಆಕ್ಸೈಡ್ ಪೊರೆಗೆ ಮೂಳೆಕೋಶಗಳು ನೇರವಾಗಿ ಅಂಟಿಕೊಳ್ಳುತ್ತವೆ. ಸ್ವೀಡನ್ನಿನ ಬ್ರೋನೆಮಾರ್ಕ್ ಇದನ್ನು 1950ರ ದಶಕದಲ್ಲಿ ಮೊಲದ ಕಾಲಿನಲ್ಲಿ ಕಂಡು, 1965ರಲ್ಲಿ ಮನುಷ್ಯರ ಹಲ್ಲಿಗೆ ತಂದ. ಪೀಕ್ ಜಡ, ನೀರನ್ನೂ ಒಲ್ಲದ ಮೇಲ್ಮೈ. ಅದರ ಸುತ್ತ ಮೂಳೆಯ ಬದಲು ನಾರಿನ ಪೊರೆ ಕಟ್ಟುವುದುಂಟು. ಅದಕ್ಕೇ ಟೈಟೇನಿಯಂ ಲೇಪದ ಪೀಕ್ ಹುಟ್ಟಿದ್ದು. ಸುತ್ತಿಗೆಯಿಂದ ಹೊಡೆದು ಕೂಡಿಸುವಾಗ ಆ ಲೇಪ ಕಿತ್ತು ಬರಬಹುದೆಂಬ ಆತಂಕ ಇನ್ನೊಂದು ಕಡೆ.

ಎರಡನೆಯ ಕಲಮು: ಎರಡು ಅಳತೆಗೋಲು

ಬೆಸುಗೆಯ ಯಶಸ್ಸು ಶೇಕಡಾ ಇಷ್ಟು ಎಂದು ಬರೆದಿದೆಯಲ್ಲ, ಅದನ್ನು ಅಳೆದದ್ದು ಹೇಗೆ? ಎಕ್ಸ್-ಕಿರಣ ಅಥವಾ ಸಿಟಿ ಸ್ಕ್ಯಾನಿನಿಂದ. ಈ ಶಕ್ತಿಯ ಎಕ್ಸ್-ಕಿರಣಗಳನ್ನು ಪರಮಾಣುಗಳು ಹೀರಿಕೊಳ್ಳುವ ಪ್ರಮಾಣ ಪರಮಾಣು ಸಂಖ್ಯೆಯ ಘನದಂತೆ ಏರುತ್ತದೆ. ಇಂಗಾಲದ್ದು 6, ಟೈಟೇನಿಯಮ್ಮಿನದು 22. ಘನಗಳ ಅನುಪಾತ ಸುಮಾರು 50. ಆದ್ದರಿಂದ ಪೀಕ್ ಪಂಜರ ಚಿತ್ರದಲ್ಲಿ ಗಾಜಿನಂತೆ, ಒಳಗೆ ಮೂಳೆ ಬೆಳೆಯಿತೋ ಇಲ್ಲವೋ ಕಾಣುತ್ತದೆ. ಪಂಜರ ಎಲ್ಲಿದೆ ಎಂದು ತಿಳಿಯಲು ಅದರೊಳಗೆ ಟ್ಯಾಂಟಲಮ್ಮಿನ ಸಣ್ಣ ಗುರುತುಗಳನ್ನು ಹುದುಗಿಸಬೇಕಾಗುತ್ತದೆ. ಟೈಟೇನಿಯಂ ಪಂಜರ ತಾನೇ ಹೊಳೆದು ಒಳಗಿನದನ್ನು ಮರೆಮಾಡುತ್ತದೆ, ಸಿಟಿ ಚಿತ್ರದಲ್ಲಿ ಸುತ್ತಲೂ ಗೆರೆಗಳನ್ನು ಎಳೆಯುತ್ತದೆ.

ಇದರ ಪರಿಣಾಮ ಗಮನಿಸಿ. ಒಂದು ಗುಂಪಿನಲ್ಲಿ ಬೆಸುಗೆ ಆಗದಿರುವುದು ಸ್ಪಷ್ಟವಾಗಿ ಕಾಣುತ್ತದೆ, ಇನ್ನೊಂದರಲ್ಲಿ ಮಸುಕು. ಎರಡು ಗುಂಪುಗಳನ್ನು ಎರಡು ಬೇರೆ ಅಳತೆಗೋಲುಗಳಿಂದ ಅಳೆದು ಅಂಕಿಗಳನ್ನು ಅಕ್ಕಪಕ್ಕ ಬರೆದಂತಾಯಿತು. ಪ್ರಯೋಗಾಲಯದಲ್ಲಿ ನಮ್ಮ ವಿದ್ಯಾರ್ಥಿ ಒಂದು ತಂತಿಯ ವ್ಯಾಸವನ್ನು ಸ್ಕ್ರೂಗೇಜಿನಿಂದ, ಇನ್ನೊಂದರದನ್ನು ಮರದ ಸ್ಕೇಲಿನಿಂದ ಅಳೆದು ತಂದರೆ ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತೇವೆಯೆ? ಪ್ರಕಟವಾದ ಅಧ್ಯಯನಗಳೂ ಒಂದೇ ದಿಕ್ಕಿಗೆ ಕೈತೋರುವುದಿಲ್ಲ. 2014ರ ಒಂದು ಜಪಾನಿ ಅಧ್ಯಯನದಲ್ಲಿ ಟೈಟೇನಿಯಂ ಪಂಜರದವರಲ್ಲಿ ಬೆಸುಗೆ ಹೆಚ್ಚು ಕಂಡಿತು, ರೋಗಿಗಳು ಐವತ್ತರ ಒಳಗೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಒಂದು ವಿಶ್ಲೇಷಣೆಯಲ್ಲಿ ಬೆಸುಗೆಯಲ್ಲಿ ಗಣನೀಯ ವ್ಯತ್ಯಾಸವಿಲ್ಲ, ಹೂತುಹೋಗುವುದು ಟೈಟೇನಿಯಮ್ಮಿನಲ್ಲಿ ಹೆಚ್ಚು. ಪಟ್ಟಿ ತಯಾರಿಸುವವರು ತಮಗೆ ಒಪ್ಪುವ ಅಧ್ಯಯನವನ್ನು ಆರಿಸಿಕೊಳ್ಳಲು ಇಷ್ಟು ಸಾಕು.

ಅಳೆಯುವವರು ಯಾರು ಎಂಬುದೂ ಮುಖ್ಯ. ಮೂಳೆ ಬೆಳೆಸುವ ಒಂದು ಪ್ರೋಟೀನನ್ನು ಪಂಜರದೊಳಗೆ ತುಂಬಲು ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ತಯಾರಕರ ಹಣದಿಂದ ನಡೆದ ಮೊದಲ ಅಧ್ಯಯನಗಳಲ್ಲಿ ಅಡ್ಡಪರಿಣಾಮಗಳು ಇಲ್ಲವೆನ್ನುವಷ್ಟು ಕಡಿಮೆ. 2011ರಲ್ಲಿ ಬೆನ್ನೆಲುಬು ತಜ್ಞರದೇ ಒಂದು ಪತ್ರಿಕೆ ಆ ಅಧ್ಯಯನಗಳನ್ನು ಮರುಪರಿಶೀಲಿಸಿ ಅಡ್ಡಪರಿಣಾಮಗಳು ಅದಕ್ಕಿಂತ ಬಹಳ ಹೆಚ್ಚೆಂದು ಬರೆಯಿತು. ಯೇಲ್ ವಿಶ್ವವಿದ್ಯಾಲಯದ ಯೋಜನೆಯಡಿ ಎರಡು ಸ್ವತಂತ್ರ ತಂಡಗಳು ಮೂಲ ದತ್ತಾಂಶವನ್ನೇ ಪಡೆದು ವಿಶ್ಲೇಷಿಸಿ, 2013ರಲ್ಲಿ ಪ್ರಕಟಿಸಿದವು: ರೋಗಿಯದೇ ಸೊಂಟದ ಮೂಳೆ ಬಳಸುವುದಕ್ಕಿಂತ ಇದು ಹೇಳಿಕೊಳ್ಳುವಷ್ಟು ಮೇಲೇನಲ್ಲ.

ಪಟ್ಟಿಯಲ್ಲಿಲ್ಲದ ಸಾಲು

ಬೆಸುಗೆ ಆಯಿತು ಎನ್ನೋಣ. ನೋವು ಹೋಯಿತೆ? ಈ ಪ್ರಶ್ನೆಗೆ ಸ್ವೀಡನ್ನಿನ ಪೀಟರ್ ಫ್ರಿಟ್ಜೆಲ್ ಮತ್ತು ಸಂಗಡಿಗರ ಅಧ್ಯಯನ ನನಗೆ ತಿಳಿದವುಗಳಲ್ಲಿ ಬಲು ಪ್ರಾಮಾಣಿಕವಾದುದು. ದೀರ್ಘಕಾಲದ ಸೊಂಟನೋವಿನ 294 ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿದರು. 2001ರ ವರದಿಯಂತೆ ಎರಡು ವರ್ಷಗಳ ನಂತರ ಶಸ್ತ್ರಚಿಕಿತ್ಸೆಯಾದವರ ಬೆನ್ನುನೋವು ಸರಾಸರಿ ನೂರಕ್ಕೆ 33ರಷ್ಟು ಇಳಿದಿತ್ತು, ಆಗದವರಲ್ಲಿ 7ರಷ್ಟು. ಶಸ್ತ್ರಚಿಕಿತ್ಸೆಗೆ ಇದು ಜಯವೇ. ಆದರೆ 2002ರಲ್ಲಿ ಅವರು ಶಸ್ತ್ರಚಿಕಿತ್ಸೆಯ ಮೂರು ಬಗೆಗಳನ್ನು ಒಂದಕ್ಕೊಂದು ಹೋಲಿಸಿದರು. ಬರೀ ಮೂಳೆಚೂರು ಹಾಕಿದವರು ಒಂದು ಗುಂಪು, ಅದರ ಜೊತೆಗೆ ತಿರುಪು ಮತ್ತು ಪಟ್ಟಿ ಹಾಕಿದವರು ಎರಡನೆಯದು, ಇವೆಲ್ಲದರ ಜೊತೆಗೆ ಮಣಿಗಳ ನಡುವೆಯೂ ಮೂಳೆ ಇಟ್ಟವರು ಮೂರನೆಯದು. ಎಕ್ಸ್-ಕಿರಣದಲ್ಲಿ ಬೆಸುಗೆ ಕ್ರಮವಾಗಿ ಶೇಕಡಾ 72, 87, 91. ಹತ್ತಿರದ ದಿನಗಳ ತೊಡಕುಗಳು ಕ್ರಮವಾಗಿ ಶೇಕಡಾ 6, 16, 31. ನೋವಿನ ಇಳಿತದಲ್ಲಿ? ಮೂರು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸವೇ ಇರಲಿಲ್ಲ.

ಪಟ್ಟಿ ನೂರಕ್ಕೆ ಇಷ್ಟು ಎಂದು ಹೆಮ್ಮೆಯಿಂದ ತೋರಿಸುವ ಅಂಕಿ ಏರಿತು, ತೊಡಕೂ ಏರಿತು, ರೋಗಿ ಬಂದ ಉದ್ದೇಶ ಮಾತ್ರ ಇದ್ದಲ್ಲೇ ಇತ್ತು. ಒಂದು ಅಧ್ಯಯನದಿಂದ ಎಲ್ಲ ತೀರ್ಮಾನವಾಗದು. 2005ರಲ್ಲಿ ಬ್ರಿಟನ್ನಿನಲ್ಲಿ 349 ಜನರ ಮೇಲೆ ನಡೆದ ಅಧ್ಯಯನ ಬೆಸುಗೆಯನ್ನು ಕಟ್ಟುನಿಟ್ಟಾದ ವ್ಯಾಯಾಮ ಚಿಕಿತ್ಸೆಯೊಂದಿಗೆ ಹೋಲಿಸಿದಾಗ ಬೆಸುಗೆಗೆ ಸಿಕ್ಕ ಮುನ್ನಡೆ ತೀರ ಚಿಕ್ಕದು. ನರದ ದಾರಿ ಕಿರಿದಾದವರಲ್ಲಿ ದಾರಿ ಬಿಡಿಸಿದರೆ ಸಾಕೆ, ಬೆಸುಗೆಯೂ ಬೇಕೆ ಎಂದು ಸ್ವೀಡನ್ನಿನಲ್ಲಿ 247 ಜನರ ಮೇಲೆ (2016), ಮಣಿ ಜಾರಿದವರಲ್ಲಿ ನಾರ್ವೆಯಲ್ಲಿ 267 ಜನರ ಮೇಲೆ (2021) ನೋಡಿದರು. ಎರಡರಲ್ಲೂ ಬೆಸುಗೆ ಸೇರಿಸಿದ್ದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. 2016ರಲ್ಲೇ ಪ್ರಕಟವಾದ ಅಮೆರಿಕದ ಚಿಕ್ಕ ಅಧ್ಯಯನವೊಂದು ಬೆಸುಗೆಯ ಕಡೆಗೆ ತುಸು ವಾಲಿತು ಎಂಬುದನ್ನೂ ಹೇಳಬೇಕು.

ಹಾಗೆಂದು ಬೆಸುಗೆಯನ್ನೇ ಹಳಿಯುವುದು ನನ್ನ ಉದ್ದೇಶವಲ್ಲ. ಮರದಿಂದ ಬಿದ್ದು ಮಣಿ ಮುರಿದವರಿಗೆ, ಮಣಿ ನಿಲ್ಲದೆ ಓಲಾಡುತ್ತಿರುವವರಿಗೆ, ಗೆಡ್ಡೆಯಿಂದ ಮಣಿ ಕರಗಿದವರಿಗೆ ಅದು ನಡೆದಾಡುವ ಬದುಕನ್ನೇ ಮರಳಿಸುತ್ತದೆ. ಬೆನ್ನೆಲುಬಿನ ಕ್ಷಯದಲ್ಲಂತೂ ಈ ವಿವೇಚನೆಗೆ ನಮ್ಮ ದೇಶದಲ್ಲೇ ಒಳ್ಳೆಯ ಮಾದರಿಯಿದೆ. ವಾರಾಣಸಿಯಲ್ಲಿ ಎಸ್. ಎಂ. ತುಲಿ ಅವರು 1970ರ ದಶಕದಲ್ಲಿ "ಮಧ್ಯಮ ಮಾರ್ಗ"ವನ್ನು ರೂಪಿಸಿದರು. ಎಲ್ಲರಿಗೂ ಶಸ್ತ್ರಚಿಕಿತ್ಸೆ ಎಂಬ ಹಾಂಗ್‌ಕಾಂಗ್ ಪಂಥಕ್ಕೂ, ಬರೀ ವಿಶ್ರಾಂತಿ ಎಂಬ ಹಳೆಯ ಪಂಥಕ್ಕೂ ನಡುವೆ ನಿಂತು, ಮೊದಲು ಔಷಧಿ, ಗುಣವಾಗದಿದ್ದರೆ ಅಥವಾ ನರ ಸೋಲುತ್ತಿದ್ದರೆ ಮಾತ್ರ ಕತ್ತಿ ಎಂದರು. ಅವರ ರೋಗಿಗಳಲ್ಲಿ ಬಹುಪಾಲು ಜನರಿಗೆ ಕತ್ತಿಯ ಅಗತ್ಯವೇ ಬೀಳಲಿಲ್ಲ. ನಮ್ಮ ಹೋಲಿಕೆ ಪಟ್ಟಿಯಲ್ಲಿ ಇಲ್ಲದಿರುವುದು ಈ ಸಾಲೇ: "ಪಂಜರವಿಲ್ಲ".

ನನ್ನ ವಿದ್ಯಾರ್ಥಿಗೆ ವಸ್ತುವಿನ ಹೆಸರು ಹೇಳಲಿಲ್ಲ. ಡಾಕ್ಟರರ ಮುಂದೆ ಇಡಲು ನಾಲ್ಕು ಪ್ರಶ್ನೆ ಬರೆದುಕೊಟ್ಟೆ. ಮಣಿ ನಿಜವಾಗಿ ಓಲಾಡುತ್ತಿದೆಯೆ, ನಿಂತು ಬಾಗಿ ತೆಗೆದ ಎಕ್ಸ್-ಕಿರಣದಲ್ಲಿ ಎಷ್ಟು ಮಿಲಿಮೀಟರ್? ನರದ ದಾರಿ ಬಿಡಿಸಿದರಷ್ಟೇ ಸಾಲದೆ? ಅಪ್ಪನ ಮೂಳೆಯ ಸಾಂದ್ರತೆಯನ್ನು ಡೆಕ್ಸಾ ಯಂತ್ರದಲ್ಲಿ ಅಳೆದಿದ್ದಾರೆಯೆ? ಪಂಜರ ಹಾಕುವುದೇ ಆದರೆ ಅದರ ಅಗಲ ಎಷ್ಟು, ಎಲ್ಲಿ ಕೂರುತ್ತದೆ? ಅವನು ಹೋಗಿ ಕೇಳಿದ. ಡಾಕ್ಟರು ಸಿಟ್ಟಾಗದೆ ಅರ್ಧ ಗಂಟೆ ಕೂತು ಉತ್ತರಿಸಿದರಂತೆ. ಒಳ್ಳೆಯ ಶಸ್ತ್ರವೈದ್ಯರಿಗೆ ಈ ಪ್ರಶ್ನೆಗಳು ಹೊಸವಲ್ಲ, ಪಟ್ಟಿ ತಂದುಕೊಡುವ ಮಾರಾಟಗಾರರಿಗೆ ಇವು ಬೇಡವಾಗಿವೆ.

ಪಂಜರ ಒಳಗೆ ಹೋದ ಮೇಲಿನ ಕೆಲಸವೂ ಒಂದಿದೆ. ಪ್ರತಿ ಪಂಜರದ, ಪ್ರತಿ ತಿರುಪಿನ ಪೊಟ್ಟಣದ ಮೇಲೆ ತಯಾರಿಕೆಯ ಸಂಖ್ಯೆಯಿರುವ ಸ್ಟಿಕ್ಕರ್ ಇರುತ್ತದೆ. ಅದರ ಒಂದು ಪ್ರತಿಯನ್ನು ಆಸ್ಪತ್ರೆಯ ಕಡತದಿಂದ ಕೇಳಿ ಪಡೆದು ಮನೆಯಲ್ಲಿಟ್ಟುಕೊಳ್ಳಬೇಕು. ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳ ನಿಯಮಗಳು 2017ರಲ್ಲಿ ಪ್ರಕಟವಾಗಿ 2018ರ ಜನವರಿ 1ರಿಂದ ಜಾರಿಗೆ ಬಂದಿವೆ. ದೇಹದೊಳಗೆ ಇಟ್ಟ ಸಾಧನ ಮುರಿದರೆ, ಸಡಿಲಾದರೆ, ತೊಂದರೆ ಕೊಟ್ಟರೆ ವರದಿ ಮಾಡಲು ಘಾಜಿಯಾಬಾದ್‌ನ ಭಾರತೀಯ ಫಾರ್ಮಕೊಪಿಯ ಆಯೋಗದಲ್ಲಿ 2015ರ ಜುಲೈನಲ್ಲಿ ಆರಂಭವಾದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮವಿದೆ. ವರದಿಯನ್ನು ವೈದ್ಯರೇ ಕೊಡಬೇಕೆಂದಿಲ್ಲ, ರೋಗಿಯೂ ಕೊಡಬಹುದು. ಸ್ಟಿಕ್ಕರಿನ ಮೇಲಿನ ಸಂಖ್ಯೆ ಇದ್ದರೆ ಆ ವರದಿಗೆ ಬೆಲೆ ಬರುತ್ತದೆ. ಯಾವ ಪಂಜರ ಎಷ್ಟು ಜನರಲ್ಲಿ ಹೂತುಹೋಯಿತು ಎಂಬ ನಮ್ಮದೇ ಅಂಕಿ ಮುಂದೆ ಸಿಗಬೇಕಾದರೆ ಇಂಥ ವರದಿಗಳಿಂದಲೇ.